ಹೆಡ್‌ಲೈಟ್ ಬಿಚ್ಚುವ ಹವ್ಯಾಸ: ಬೆಳಕು ಒಬ್ಬರಿಗೆ, ಕತ್ತಲು ಎದುರಿನವರಿಗೆ

ಬೆಂಗಳೂರು: ಕಾರಿನ ಹೆಡ್‌ಲೈಟನ್ನು ಕಳಚಿ, ಓವನ್‌ನಲ್ಲಿ ಬಿಸಿ ಮಾಡಿ, ಮುಂದಿನ ಪಾರದರ್ಶಕ ಮುಚ್ಚಳವನ್ನು ಬಿಡಿಸಿ, ಒಳಗೆ ಬೇರೆ ದೀಪ ಕೂರಿಸಿ ಮತ್ತೆ ಅಂಟಿಸುವುದು ಈಗ ಮೆಕ್ಯಾನಿಕ್‌ಗಳ ಕೆಲಸವಾಗಿಯಷ್ಟೇ ಉಳಿದಿಲ್ಲ. ಅದಕ್ಕೆ ಬೇಕಾದ ಪ್ರೊಜೆಕ್ಟರ್, ಎಲ್‌ಇಡಿ ಬಲ್ಬ್, ವೈರಿಂಗ್, ಅಂಟಿನ ಸುರುಳಿ ಎಲ್ಲವೂ ಆನ್‌ಲೈನ್ ಮಳಿಗೆಗಳಲ್ಲಿಯೂ ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಯಲ್ಲಿಯೂ ಸುಲಭವಾಗಿ ದೊರೆಯುತ್ತವೆ. ಕೆಲಸ ಕಲಿಸುವ ವಿಡಿಯೋಗಳಿಗೂ ಕೊರತೆಯಿಲ್ಲ. ಪರಿಣಾಮವಾಗಿ ಭಾನುವಾರದ ಬಿಡುವಿನಲ್ಲಿ ಮನೆಯಂಗಳದಲ್ಲಿಯೇ ಈ ಕೆಲಸಕ್ಕೆ ಕೈಹಾಕುವ ಕಾರು ಮಾಲೀಕರಿದ್ದಾರೆ.

ಕಾರು ತನ್ನದು, ಹಣವೂ ತನ್ನದು, ಇದರಲ್ಲಿ ಪರರಿಗೇನು ತೊಂದರೆ ಎಂಬುದು ಇವರ ವಾದ. ಸೀಟಿನ ಕವರ್ ಅಥವಾ ಮ್ಯೂಸಿಕ್ ಸಿಸ್ಟಂ ವಿಷಯದಲ್ಲಿ ಈ ವಾದ ಒಪ್ಪುವಂಥದ್ದೇ. ಆದರೆ ಹೆಡ್‌ಲೈಟ್ ಹಾಗಲ್ಲ. ಅದು ಸ್ವಲ್ಪ ಹಾದಿ ತಪ್ಪಿದರೂ ಅದರ ಫಲವನ್ನು ಉಣ್ಣುವವರು ಮಾಲೀಕರಲ್ಲ, ಎದುರಿನಿಂದ ಬರುವ ಅಪರಿಚಿತರು.

ರಾಜ್ಯ ಪೊಲೀಸ್ ಇಲಾಖೆ 2024ರ ಜುಲೈ 1ರಿಂದ ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆ ಕೈಗೊಂಡಿತು. ಸಂಚಾರ ಮತ್ತು ರಸ್ತೆ ಸುರಕ್ಷತೆ ವಿಭಾಗದ ಅಂದಿನ ಹೆಚ್ಚುವರಿ ಪೊಲೀಸ್ ಮಹಾನಿರ್ದೇಶಕ ಅಲೋಕ್ ಕುಮಾರ್ ಮೋಟಾರು ವಾಹನ ಕಾಯ್ದೆಯ 177ನೇ ಕಲಮಿನಡಿ ಪ್ರಕರಣ ದಾಖಲಿಸುವಂತೆ ಸೂಚಿಸಿದ್ದರು. ಕ್ರಮ ಸ್ವಾಗತಾರ್ಹವಾಗಿತ್ತು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆಬದಿಯ ದಂಡದಿಂದ ಮಾತ್ರ ಈ ಸಮಸ್ಯೆ ಬಗೆಹರಿಯುವುದೇ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಹೆಡ್‌ಲೈಟ್‌ನ ಒಳಗೆ ನಡೆಯುವುದೇನು ಎಂಬುದನ್ನು ಮೊದಲು ಅರಿಯಬೇಕಾಗುತ್ತದೆ.

ಬಿಚ್ಚುವುದು ಸುಲಭ, ಮುಚ್ಚುವುದು ಕಷ್ಟ

ಇಂದಿನ ಕಾರುಗಳ ಹೆಡ್‌ಲೈಟ್‌ನ ಮುಚ್ಚಳ ಗಾಜಿನದ್ದಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್‌ನದು. ಹಿಂಬದಿಯ ಚೌಕಟ್ಟು ಸಾಮಾನ್ಯವಾಗಿ ಪಾಲಿಪ್ರೊಪಿಲಿನ್‌ನದು. ಇವೆರಡನ್ನೂ ಬೆಸೆಯಲು ಅನೇಕ ಕಾರುಗಳಲ್ಲಿ ಬ್ಯುಟೈಲ್ ಎಂಬ ರಬ್ಬರ್ ಜಾತಿಯ ಅಂಟನ್ನು ಬಳಸಲಾಗಿರುತ್ತದೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಈ ಅಂಟು ಮೆದುವಾಗುತ್ತದೆ. ಓವನ್‌ನಲ್ಲಿ ಕೆಲವು ನಿಮಿಷ ಇಟ್ಟು ತೆಗೆದರೆ ಮುಚ್ಚಳ ಬಿಟ್ಟುಕೊಳ್ಳುವುದು ಇದೇ ಕಾರಣದಿಂದ.

ಶಾಖ ಹೆಚ್ಚಾದರೆ ಮಾತ್ರ ಆಟ ಕೆಡುತ್ತದೆ. ಪಾಲಿಕಾರ್ಬೊನೇಟ್ 147 ಡಿಗ್ರಿಯ ಆಸುಪಾಸಿನಲ್ಲಿ ತನ್ನ ಗಡಸುತನ ಕಳೆದುಕೊಳ್ಳುತ್ತದೆ. ಮನೆಬಳಕೆಯ ಓವನ್‌ಗಳ ಮುಳ್ಳು ತೋರಿಸುವ ಉಷ್ಣಾಂಶಕ್ಕೂ ಕಾಯಿಲ್ ಸಮೀಪದ ನೈಜ ಉಷ್ಣಾಂಶಕ್ಕೂ ಬಹಳಷ್ಟು ಅಂತರ ಇರಬಲ್ಲದು. ಪಾಲಿಯುರೆಥೇನ್ ಅಂಟು ಬಳಸಿದ ಕಾರುಗಳಲ್ಲಿ ಬಿಸಿ ಮಾಡಿದರೂ ಪ್ರಯೋಜನವಾಗದು. ಅಲ್ಲಿ ಮುಚ್ಚಳವನ್ನು ಕೊಯ್ದೇ ತೆಗೆಯಬೇಕು. ಕೊಯ್ದ ಅಂಚು ಮತ್ತೆ ಮೊದಲಿನಂತೆ ಕೂಡುವುದು ಅಪರೂಪ.

ಒಳಗಿನ ಪ್ರತಿಫಲಕ ಇನ್ನೂ ನಾಜೂಕು. ಪ್ಲಾಸ್ಟಿಕ್ ಬಟ್ಟಲಿನ ಮೇಲೆ ನಿರ್ವಾತದಲ್ಲಿ ಲೇಪಿಸಿದ ಅತಿ ತೆಳುವಾದ ಅಲ್ಯೂಮಿನಿಯಂ ಪೊರೆಯೇ ಅದರ ಕನ್ನಡಿ. ಬಟ್ಟೆಯಿಂದ ಉಜ್ಜಿದರೆ ಸಾಕು, ಹೊಳಪು ಮಾಯವಾಗುತ್ತದೆ. ಮತ್ತೆ ಅಂಟಿಸುವಾಗ ಒಂದು ಕಡೆ ಸಂದು ಉಳಿದರೂ ಮಳೆಗಾಲದಲ್ಲಿ ಒಳಗೆ ನೀರು ಸೇರುತ್ತದೆ. ಗಾಳಿಯಾಡಲು ತಯಾರಕರು ಬಿಟ್ಟಿರುವ ಕಿಂಡಿಯನ್ನು ನೀರು ಬರುತ್ತದೆಂಬ ಭಯದಿಂದ ಅಂಟು ಹಾಕಿ ಮುಚ್ಚಿದರೆ ಒಳಗಿನ ತೇವ ಹೊರಹೋಗದೆ ಹನಿಗಟ್ಟುತ್ತದೆ. ಹನಿಗಟ್ಟಿದ ಲೆನ್ಸ್ ಬೆಳಕನ್ನು ಹತ್ತು ದಿಕ್ಕಿಗೆ ಚದುರಿಸುತ್ತದೆ. ಮಲೆನಾಡು, ಕರಾವಳಿಯ ಮಳೆ ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ತಪ್ಪುವುದು ಎಲ್ಲಿ?

ಸಣ್ಣ ಕಾರುಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವುದು 60/55 ವ್ಯಾಟ್‌ನ ಎಚ್4 ಹ್ಯಾಲೊಜೆನ್ ಬಲ್ಬ್. ಇದರಲ್ಲಿ ಎರಡು ತಂತುಗಳಿರುತ್ತವೆ. ಡಿಪ್ ಬೆಳಕಿನ ತಂತುವಿನ ಕೆಳಗೆ ಪುಟ್ಟ ಲೋಹದ ತಟ್ಟೆಯೊಂದಿದ್ದು, ಬೆಳಕು ಪ್ರತಿಫಲಕದ ಮೇಲರ್ಧಕ್ಕೆ ಮಾತ್ರ ಬೀಳುವಂತೆ ನೋಡಿಕೊಳ್ಳುತ್ತದೆ. ಅಲ್ಲಿಂದ ಅದು ಕೆಳಮುಖವಾಗಿ ರಸ್ತೆಗೆ ಇಳಿಯುತ್ತದೆ. ಇಡೀ ಪ್ರತಿಫಲಕದ ಆಕಾರ ಆ ಪುಟ್ಟ ತಂತುವಿನ ಸ್ಥಾನವನ್ನು ಲೆಕ್ಕ ಹಾಕಿಯೇ ರೂಪಿತವಾದದ್ದು. ಅದೇ ಜಾಗದಲ್ಲಿ ಚಪ್ಪಟೆ ಎಲ್‌ಇಡಿ ಚಿಪ್‌ಗಳನ್ನೋ ಗಾತ್ರದಲ್ಲಿ ದೊಡ್ಡದಾದ ಎಚ್‌ಐಡಿ ಜ್ವಾಲೆಯನ್ನೋ ಇಟ್ಟರೆ ಲೆಕ್ಕ ತಪ್ಪುತ್ತದೆ. ರಸ್ತೆಗೆ ಬೀಳಬೇಕಾದ ಬೆಳಕು ಮೇಲಕ್ಕೆ ಚಿಮ್ಮುತ್ತದೆ.

ಪ್ರಮಾಣವೂ ಗಮನಾರ್ಹ. ಎಚ್4 ಬಲ್ಬ್‌ನ ಡಿಪ್ ಬೆಳಕು ಸುಮಾರು 1,000 ಲುಮೆನ್‌ನಷ್ಟು. 35 ವ್ಯಾಟ್‌ನ ಎಚ್‌ಐಡಿ ದೀಪದ ಬೆಳಕು ಸುಮಾರು 3,200 ಲುಮೆನ್. ಬೆಳಕಿನ ಮೂಲ 2,000 ಲುಮೆನ್ ಮೀರಿದರೆ ಡಿಪ್ ದೀಪ ತಾನಾಗಿಯೇ ಮಟ್ಟ ಸರಿಪಡಿಸಿಕೊಳ್ಳುವ ವ್ಯವಸ್ಥೆ ಹಾಗೂ ಲೆನ್ಸ್ ತೊಳೆಯುವ ಸಾಧನ ಇರಬೇಕೆಂಬ ನಿಯಮವನ್ನು ಯುರೋಪಿನಲ್ಲಿ ಹಿಂದೆಯೇ ರೂಪಿಸಲಾಗಿತ್ತು. ಮನೆಯಲ್ಲಿ ಕೂರಿಸಿದ ದೀಪಕ್ಕೆ ಇವೆರಡೂ ಇರುವುದಿಲ್ಲ.

ಇದನ್ನು ಬಲ್ಲ ಜಾಣ ಹವ್ಯಾಸಿಗಳು ಬಲ್ಬ್ ಮಾತ್ರ ಬದಲಿಸದೆ ಲೆನ್ಸ್ ಬಿಚ್ಚಿ ಪ್ರೊಜೆಕ್ಟರ್ ಕೂರಿಸುತ್ತಾರೆ. ತಾತ್ವಿಕವಾಗಿ ಇದು ಮೇಲು. ಪ್ರೊಜೆಕ್ಟರ್‌ನೊಳಗಿನ ಮರೆಯು ಬೆಳಕನ್ನು ಗೆರೆ ಎಳೆದಂತೆ ಕತ್ತರಿಸುತ್ತದೆ. ಆದರೆ ಇಲ್ಲಿಯೂ ಒಂದು ತೊಡಕಿದೆ. ಎಡಬದಿಯ ಸಂಚಾರವಿರುವ ಭಾರತದಲ್ಲಿ ಈ ಗೆರೆ ಎಡಕ್ಕೆ, ಅಂದರೆ ಪಾದಚಾರಿ ಮತ್ತು ಫಲಕಗಳಿರುವ ಬದಿಗೆ ಏರಬೇಕು. ಬಲಬದಿಯ ಸಂಚಾರವಿರುವ ದೇಶಗಳಿಗಾಗಿ ತಯಾರಾದ ಪ್ರೊಜೆಕ್ಟರನ್ನು ತರಿಸಿ ಕೂರಿಸಿದರೆ ಅದು ಬಲಕ್ಕೆ, ನೇರವಾಗಿ ಎದುರಿನ ಚಾಲಕನ ಮುಖಕ್ಕೆ ಏರುತ್ತದೆ.

ಒಂದು ಡಿಗ್ರಿಯ ವ್ಯತ್ಯಾಸ

ಡಿಪ್ ಬೆಳಕನ್ನು ಸಾಮಾನ್ಯವಾಗಿ ಪ್ರತಿ 10 ಮೀಟರ್‌ಗೆ ಸುಮಾರು 10 ಸೆಂಟಿಮೀಟರ್ ಇಳಿಯುವಂತೆ ಹೊಂದಿಸಲಾಗಿರುತ್ತದೆ. ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿರುವ ದೀಪ ಕೈಯಳತೆಯ ಜೋಡಣೆಯಲ್ಲಿ ಕೇವಲ ಒಂದು ಡಿಗ್ರಿ ಮೇಲಕ್ಕೆ ಓರೆಯಾಯಿತು ಎಂದಿಟ್ಟುಕೊಳ್ಳೋಣ. ಆಗ 50 ಮೀಟರ್ ದೂರದಲ್ಲಿ ಅದರ ಅಂಚು ನೆಲದಿಂದ ಒಂದು ಮೀಟರಿಗಿಂತ ತುಸು ಮೇಲಿರುತ್ತದೆ. ಅದು ಸಣ್ಣ ಕಾರಿನ ಚಾಲಕನ ಕಣ್ಣಿನ ಮಟ್ಟಕ್ಕೆ ಬಹುತೇಕ ಸಮ.

ಪ್ರಖರ ಬೆಳಕಿಗೆ ಕಣ್ಣಿನ ಪಾಪೆ ಕೂಡಲೇ ಕುಗ್ಗುತ್ತದೆ. ಆದರೆ ಕತ್ತಲಿಗೆ ಮರಳಿ ಹೊಂದಿಕೊಳ್ಳಲು ಸಮಯ ಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಚಲಿಸುವ ವಾಹನ ಮೂರು ಸೆಕೆಂಡಿನಲ್ಲಿ 50 ಮೀಟರ್ ಕ್ರಮಿಸುತ್ತದೆ. ವಿಭಜಕವಿಲ್ಲದ ರಸ್ತೆಗಳಲ್ಲಿ, ಚಾರ್ಮಾಡಿಯಂತಹ ಘಾಟಿಗಳಲ್ಲಿ ಈ 50 ಮೀಟರ್‌ನೊಳಗೆ ತಿರುವು ಇರಬಹುದು, ಹಿಂಬದಿ ದೀಪವಿಲ್ಲದ ಎತ್ತಿನಗಾಡಿ ಇರಬಹುದು, ಅಂಚಿನಲ್ಲಿ ನಡೆಯುವ ಕೂಲಿಕಾರರಿರಬಹುದು. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಮಂದಿ. ಇವೆಲ್ಲಕ್ಕೂ ಹೆಡ್‌ಲೈಟ್ ಕಾರಣವಲ್ಲ. ಇಷ್ಟು ಸಾವುಗಳ ರಸ್ತೆಯಲ್ಲಿ ಮತ್ತೊಂದು ಅಪಾಯವನ್ನು ಹವ್ಯಾಸದ ಹೆಸರಿನಲ್ಲಿ ಸೇರಿಸಬೇಕೇ ಎಂಬುದಷ್ಟೇ ಪ್ರಶ್ನೆ.

ಕಾನೂನು ಇದೆ, ಅಳತೆ ಇಲ್ಲ

ಕಾನೂನಿಗೆ ಕೊರತೆಯಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದಂತೆ, ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕೋರೈಸಕೂಡದು. ವಾಹನದ ಮೂಲ ವಿನ್ಯಾಸಕ್ಕೆ ಹೊಂದದ ಮಾರ್ಪಾಡನ್ನು ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರ್ಪಡೆಯಾದ 182ಎ ಕಲಮಿನಡಿ ಅನುಮತಿಯಿಲ್ಲದ ಮಾರ್ಪಾಡು ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. 177ನೇ ಕಲಮಿನಡಿ ಮೊದಲ ತಪ್ಪಿಗೆ ದಂಡದ ಮಿತಿ 500 ರೂಪಾಯಿ. ಸಾವಿರಾರು ರೂಪಾಯಿ ವೆಚ್ಚ ಮಾಡಿ ದೀಪ ಬದಲಿಸಿದವರಿಗೆ ಇದು ಭಾರವೆನಿಸದು.

ಕೊರತೆ ಇರುವುದು ಅಳತೆಯಲ್ಲಿ. ರಾತ್ರಿ ರಸ್ತೆಯಲ್ಲಿ ನಿಂತ ಪೊಲೀಸ್ ಪೇದೆಗೆ ಬಿಳಿ ಬೆಳಕೆಲ್ಲವೂ ಎಲ್‌ಇಡಿಯೇ. ಕಾರ್ಖಾನೆಯಲ್ಲಿಯೇ ಅಧಿಕೃತವಾಗಿ ಅಳವಡಿಸಿದ್ದು ಯಾವುದು, ಮನೆಯಲ್ಲಿ ಕೂರಿಸಿದ್ದು ಯಾವುದು ಎಂದು ಬರಿಗಣ್ಣಿನಿಂದ ತೀರ್ಮಾನಿಸುವುದು ಸುಲಭವಲ್ಲ. ಕೋರೈಸುವ ಬೆಳಕಿನ ದೊಡ್ಡ ಪಾಲು ಮೂಲ ದೀಪವನ್ನೇ ಹೈಬೀಮ್‌ನಲ್ಲಿಟ್ಟು ಓಡಿಸುವ ಚಾಲಕರದ್ದು ಎಂಬುದನ್ನೂ ಮರೆಯುವಂತಿಲ್ಲ. ಅಳತೆಯಿಲ್ಲದ ದಂಡ ಒಮ್ಮೊಮ್ಮೆ ನಿರಪರಾಧಿಯ ಜೇಬಿಗೆ ಬೀಳುತ್ತದೆ, ಒಮ್ಮೊಮ್ಮೆ ತಪ್ಪಿತಸ್ಥ ನುಣುಚಿಕೊಳ್ಳುತ್ತಾನೆ.

ಇನ್ನೂ ಮುಖ್ಯವಾದ ಸಂಗತಿಯೆಂದರೆ, ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತ. ವಾಣಿಜ್ಯ ವಾಹನಗಳಂತೆ ಅವಕ್ಕೆ ಈ ನಡುವೆ ಅರ್ಹತಾ ಪರೀಕ್ಷೆಯಿಲ್ಲ. ಅಂದರೆ ಶೋರೂಂನಿಂದ ಹೊರಬಂದ ಕಾರಿನ ಹೆಡ್‌ಲೈಟ್ ಒಂದೂವರೆ ದಶಕ ಯಾವ ಅಧಿಕೃತ ಪರೀಕ್ಷೆಗೂ ಒಳಗಾಗದೆ ಓಡಾಡಬಹುದು. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ಪ್ರತಿವರ್ಷ ತಪಾಸಣೆ ಕಡ್ಡಾಯ. ಹ್ಯಾಲೊಜೆನ್‌ಗಾಗಿ ರೂಪಿಸಿದ ದೀಪಕ್ಕೆ ಎಚ್‌ಐಡಿ ಅಥವಾ ಎಲ್‌ಇಡಿ ಹಾಕಿದ್ದರೆ ಅಂತಹ ಕಾರು ಅಲ್ಲಿ ಅನುತ್ತೀರ್ಣ. 1986ರ ಏಪ್ರಿಲ್‌ಗೆ ಮೊದಲಿನ ಹಳೆಯ ವಾಹನಗಳಿಗೆ ಮಾತ್ರ ವಿನಾಯಿತಿ. ಜರ್ಮನಿ ಮತ್ತೊಂದು ದಾರಿ ಹಿಡಿಯಿತು. ಪರೀಕ್ಷೆಯಲ್ಲಿ ತೇರ್ಗಡೆಯಾದ ಎಲ್‌ಇಡಿ ಬಲ್ಬ್ ಒಂದಕ್ಕೆ 2020ರಲ್ಲಿ, ಪಟ್ಟಿ ಮಾಡಿದ ನಿರ್ದಿಷ್ಟ ಕಾರು ಮಾದರಿಗಳಿಗೆ ಮಾತ್ರ ಅನುಮತಿ ನೀಡಿತು.

ಮಾಲೀಕರ ಅಳಲೂ ಸುಳ್ಳಲ್ಲ

ದೀಪ ಬಿಚ್ಚುವವರೆಲ್ಲ ಶೋಕಿಗಾಗಿ ಬಿಚ್ಚುವುದಿಲ್ಲ. ಬಿಸಿಲಿಗೆ ಹಳದಿಗಟ್ಟಿದ ಲೆನ್ಸ್, ಮಂಕಾದ ಪ್ರತಿಫಲಕ, ಗೆರೆಯೂ ಬೀದಿದೀಪವೂ ಇಲ್ಲದ ರಸ್ತೆ, ಎದುರಿನಿಂದ ಬರುವವರ ಪ್ರಖರ ಬೆಳಕು, ಇವೆಲ್ಲ ಸೇರಿ ತಮ್ಮ ದೀಪ ಸಾಲದೆಂಬ ಭಾವನೆ ಮೂಡಿಸುತ್ತವೆ. ಹೊಸ ಹೆಡ್‌ಲೈಟ್ ಜೋಡಿಯ ಬೆಲೆ ಕೇಳಿ ಹಿಂದೆ ಸರಿದವರು ಅಗ್ಗದ ಬಲ್ಬ್‌ನತ್ತ ತಿರುಗುವುದು ಸಹಜ. ಒಬ್ಬರು ಪ್ರಖರ ದೀಪ ಹಾಕಿಸಿದರೆ ಎದುರಿನವರು ಅದಕ್ಕಿಂತ ಪ್ರಖರವಾದದ್ದನ್ನು ಹುಡುಕುತ್ತಾರೆ. ಈ ಪೈಪೋಟಿಗೆ ಕೊನೆಯೇ ಇಲ್ಲ.

ಕಾನೂನನ್ನು ಮೀರದೆಯೂ ಬೆಳಕು ಹೆಚ್ಚಿಸಿಕೊಳ್ಳಲು ದಾರಿಗಳಿವೆ. ಮಬ್ಬಾದ ಲೆನ್ಸನ್ನು ಬಿಚ್ಚದೆಯೇ ಹೊರಗಿನಿಂದ ಪಾಲಿಶ್ ಮಾಡಿಸಬಹುದು. ಆದರೆ ಸವೆದ ರಕ್ಷಾಪದರದ ಬದಲಿಗೆ ಅತಿನೇರಳೆ ಕಿರಣ ತಡೆಯುವ ಹೊಸ ಲೇಪನ ಹಾಕಿಸದಿದ್ದರೆ ಕೆಲವೇ ತಿಂಗಳಲ್ಲಿ ಅದು ಮತ್ತೆ ಹಳದಿಯಾದೀತು. ಹಳೆಯ ಬಲ್ಬ್ ಬದಲು ಅದೇ ವ್ಯಾಟ್‌ನ ಉತ್ತಮ ದರ್ಜೆಯ ಬಲ್ಬ್ ಹಾಕಬಹುದು. ಹಲವು ಕಾರುಗಳ ಡ್ಯಾಶ್‌ಬೋರ್ಡ್‌ನಲ್ಲಿ ದೀಪದ ಮಟ್ಟ ಇಳಿಸುವ ಗುಂಡಿಯಿದೆ. ಹಿಂದಿನ ಸೀಟು, ಡಿಕ್ಕಿ ತುಂಬಿದಾಗ ಕಾರಿನ ಮೂತಿ ಮೇಲೇಳುತ್ತದೆ, ಆಗ ಅದನ್ನು ಬಳಸಬೇಕು. ಸಮತಟ್ಟು ನೆಲದಲ್ಲಿ ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ, ಬೆಳಕಿನ ಅಂಚು ದೀಪದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿದೆಯೇ ಎಂದು ಯಾರು ಬೇಕಾದರೂ ನೋಡಬಹುದು.

ಎಮಿಷನ್ ಕೇಂದ್ರದಲ್ಲಿ ಪರಿಹಾರ?

ಸರ್ಕಾರದ ಪಾಲಿನ ಕೆಲಸ ಎರಡು. ಮೊದಲನೆಯದು ಮಾರಾಟದ ಕಡೆಗಿನದು. ನಿಯಮಬಾಹಿರ ಬಲ್ಬ್ ಹಾಕಿಸಿಕೊಂಡವರನ್ನು ರಸ್ತೆಯಲ್ಲಿ ತಡೆಯುವ ವ್ಯವಸ್ಥೆ ಅದನ್ನು ಬಹಿರಂಗವಾಗಿ ಮಾರುವ ಅಂಗಡಿಗೂ ಆನ್‌ಲೈನ್ ಮಳಿಗೆಗೂ ಕಾಲಿಡಬೇಕು. ಅಧಿಸೂಚಿತ ಸುರಕ್ಷತಾ ಬಿಡಿಭಾಗಗಳನ್ನು ನಿಯಮ ಮೀರಿ ಮಾರಿದರೆ ಪ್ರತಿ ಭಾಗಕ್ಕೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ ಅವಕಾಶ ಅದೇ 182ಎ ಕಲಮಿನಲ್ಲಿದೆ.

ಎರಡನೆಯದು ಅಳತೆಯ ಕಡೆಗಿನದು. ಖಾಸಗಿ ಕಾರು ಕಡ್ಡಾಯವಾಗಿ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಹೋಗಲೇಬೇಕಾದ ಸ್ಥಳವೊಂದಿದೆ. ಅದು ಹೊಗೆ ತಪಾಸಣೆಯ ಎಮಿಷನ್ ಕೇಂದ್ರ. ಹೆಡ್‌ಲೈಟ್‌ನ ದಿಕ್ಕು ಮತ್ತು ತೀವ್ರತೆ ಅಳೆಯುವ ಉಪಕರಣ ಹೊಸ ಆವಿಷ್ಕಾರವೇನಲ್ಲ, ವಾಹನ ಪರೀಕ್ಷಾ ಕೇಂದ್ರಗಳಲ್ಲಿ ಬಳಕೆಯಲ್ಲಿರುವುದೇ. ಅದನ್ನು ಎಮಿಷನ್ ಕೇಂದ್ರಗಳಿಗೂ ವಿಸ್ತರಿಸಿ, ಹೊಗೆಯ ಜೊತೆಗೆ ಬೆಳಕನ್ನೂ ಅಳೆದು ಪ್ರಮಾಣಪತ್ರ ನೀಡುವ ಬಗ್ಗೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಯೋಚಿಸಬಹುದಾಗಿದೆ. ಓರೆಯಾದ ದೀಪವನ್ನು ಅಲ್ಲಿಯೇ ತಿರುಪು ತಿರುಗಿಸಿ ಸರಿಪಡಿಸಿಕೊಂಡು ಹೋಗುವ ಅವಕಾಶವನ್ನೂ ಮಾಲೀಕರಿಗೆ ನೀಡಬೇಕು.

ಅಲ್ಲಿಯವರೆಗೆ ಓವನ್ ಬಿಸಿ ಮಾಡುವ ಮುನ್ನ ಪ್ರತಿಯೊಬ್ಬ ಹವ್ಯಾಸಿಯೂ ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ತನ್ನ ಕಾರನ್ನು ಬೇರೊಬ್ಬರ ಕೈಗಿತ್ತು, ಕತ್ತಲ ರಸ್ತೆಯಲ್ಲಿ ಅದರ ಎದುರಿನಿಂದ ಸ್ಕೂಟರ್ ಮೇಲೆ ಬರಲು ತಾನು ಸಿದ್ಧನೇ? ಹೌದೆನ್ನಲು ಹಿಂಜರಿಕೆಯಾದರೆ ಲೆನ್ಸ್ ಬಿಚ್ಚದಿರುವುದೇ ಲೇಸು.