"ಬರೀ ಹಂದಿ ಕಣ್ರೀ" ಅನ್ನುವ ಮುಂಚೆ

"ಫಿಲಿಪಿನೋ ಊಟಾನಾ? ಅಯ್ಯೋ, ಬರೀ ಹಂದಿ ಕಣ್ರೀ, ನಮಗಾಗಲ್ಲ." ಆಲ್ಬನಿಯ ಕನ್ನಡದ ಮನೆಗಳಲ್ಲಿ ನೀವು ಈ ಮಾತು ಕೇಳಿರುತ್ತೀರಿ, ಹೇಳಿಯೂ ಇರಬಹುದು. ಹೇಳುವವರಲ್ಲಿ ಹೆಚ್ಚಿನವರು ಒಂದು ಫಿಲಿಪಿನೋ ಅಂಗಡಿಯ ಹೊಸ್ತಿಲು ದಾಟಿದವರಲ್ಲ. ಆದರೆ ಇದೇ ಜನ ಸೋಮವಾರ ಆಫೀಸಿಗೆ ಹೋಗಿ, "ಇಂಡಿಯನ್ ಅಂದ್ರೆ ಬಟರ್ ಚಿಕನ್ ಅಲ್ಲ, ಸೌತ್ ಇಂಡಿಯನ್ ಅಂದ್ರೆ ಬರೀ ದೋಸೆ ಅಲ್ಲ" ಎಂದು ಕಿವಿಗಳಿಗೆ ಪಾಠ ಮಾಡುತ್ತಾರೆ. (ಹೊಸಬರಿಗೆ: ಇಲ್ಲಿ ಕಿವಿ ಅಂದರೆ ನ್ಯೂಜಿಲೆಂಡಿನವರು.) ನಮ್ಮ ಊಟಕ್ಕೆ ಹತ್ತು ಜಿಲ್ಲೆ, ಅವರ ಊಟಕ್ಕೆ ಒಂದೇ ಪ್ರಾಣಿ. ಇದು ಯಾವ ನ್ಯಾಯ, ಹೇಳಿ ನೋಡೋಣ.

ಮೊದಲು ಆ "ನಮಗೆ" ಅನ್ನೋ ಪದವನ್ನೇ ಹಿಡಿಯೋಣ. ನಾವು ಅಂದರೆ ಯಾರು? ಕೊಡಗಿನವರು ಕನ್ನಡ ನಾಡಿನವರಲ್ಲವೇ? ಪಂದಿ ಕರಿ ಇಲ್ಲದ ಕೊಡವರ ಮದುವೆಯನ್ನು ಕಲ್ಪಿಸಿಕೊಳ್ಳಿ. ಮಂಗಳೂರಿನ ಕ್ರೈಸ್ತರ ಮನೆಯ ಹಬ್ಬದಲ್ಲಿ ದುಕ್ರಾ ಮಾಸ್ ಬೇಯುವುದಿಲ್ಲವೇ? ಪಕ್ಕದ ಮನೆಯ ಫಿಲಿಪಿನೋ ಕುಟುಂಬವನ್ನು ದೂರ ಇಡಲು ಹೋಗಿ ನೀವು ಮಡಿಕೇರಿಯನ್ನೂ ಮಂಗಳೂರನ್ನೂ "ನಾವು" ಎಂಬುದರಿಂದ ಆಚೆ ತಳ್ಳಿದಿರಿ. ಪಂದಿ ಕರಿಗೆ ಕಾಚಂಪುಳಿಯ ಹುಳಿ ಬಿದ್ದರೆ ಅದೋಬೊಗೆ ವಿನೆಗರ್‌ನ ಹುಳಿ. ಮಾಂಸಕ್ಕೆ ಹುಳಿ ಹಾಕಿದರೆ ರುಚಿಯೂ ಏರುತ್ತದೆ, ಬೇಗ ಕೆಡುವುದೂ ಇಲ್ಲ. ಫ್ರಿಜ್ ಇಲ್ಲದ ಕಾಲದ ಬಿಸಿಲು ನಾಡಿನ ಜನ ಎರಡು ಕಡೆಯೂ ಇದನ್ನು ತಾವಾಗಿಯೇ ಕಂಡುಕೊಂಡಿದ್ದರು.

ನಾನು ಸಸ್ಯಾಹಾರಿಗಳಿಗೆ ಹಂದಿ ತಿನ್ನಿ ಅಂತ ಹೇಳ್ತಾ ಇಲ್ಲ. ತಿನ್ನದಿರುವುದು ನಿಮ್ಮ ಹಕ್ಕು. ಆದರೆ ತಿನ್ನದಿರುವುದು ಬೇರೆ, ತಿಳಿಯದೆ ತೀರ್ಪು ಕೊಡುವುದು ಬೇರೆ.

ಫಿಲಿಪೀನ್ಸ್ ಅಂದರೆ ಏಳೂವರೆ ಸಾವಿರಕ್ಕೂ ಹೆಚ್ಚು ದ್ವೀಪಗಳು, ನೂರಕ್ಕೂ ಹೆಚ್ಚು ಭಾಷೆಗಳು. 1937ರಲ್ಲಿ ಅಧ್ಯಕ್ಷ ಮಾನುವೆಲ್ ಕೆಸೊನ್ ಟಗಾಲೊಗ್ ಆಧಾರದ ರಾಷ್ಟ್ರಭಾಷೆ ಘೋಷಿಸಿದರು. ಸೆಬುವಾನೊ, ಇಲೊಕಾನೊ ಮಾತಾಡುವವರಲ್ಲಿ ಅದರ ಬಗ್ಗೆ ಮುನಿಸು ಇವತ್ತಿಗೂ ಇದೆ. ಈ ಮುನಿಸು ಎಂಥದ್ದು ಅಂತ ಕನ್ನಡಿಗರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಊಟದಲ್ಲೂ ಹಾಗೇ. ಲೂಸೋನ್ ದ್ವೀಪದ ತೆಂಕಣ ತುದಿಯ ಬಿಕೋಲ್ ಪ್ರಾಂತ್ಯದಲ್ಲಿ ಲಾಇಂಗ್ ಮಾಡುತ್ತಾರೆ: ಒಣಗಿಸಿದ ಕೆಸುವಿನೆಲೆಯನ್ನು ತೆಂಗಿನ ಹಾಲಿನಲ್ಲಿ ಖಾರ ಮೆಣಸಿನಕಾಯಿ ಹಾಕಿ ನಿಧಾನಕ್ಕೆ ಬೇಯಿಸುವುದು. ಕೆಸುವಿನೆಲೆಯ ತುರಿಕೆ ಕಳೆಯಲು ಎಷ್ಟು ಬೇಯಿಸಬೇಕು ಎಂಬುದು ಪತ್ರೊಡೆ ಮಾಡುವ ನಮ್ಮ ಅಜ್ಜಿಯರಿಗೂ ಗೊತ್ತಿತ್ತು, ಬಿಕೋಲಿನ ಅಜ್ಜಿಯರಿಗೂ ಗೊತ್ತು. ಬಡಗಣ ಇಲೊಕೋಸ್‌ನ ಪಿನಕ್‌ಬೆಟ್‌ನಲ್ಲಿ ಹಾಗಲಕಾಯಿ, ಬದನೆ, ಬೆಂಡೆ ಒಟ್ಟಿಗೆ ಬೇಯುತ್ತವೆ. ಬತಾಂಗಾಸ್‌ನಲ್ಲಿ ಅದೋಬೊಗೆ ಸೋಯಾ ಸಾಸ್ ಬದಲು ಅರಿಶಿನ ಹಾಕುವ ಪದ್ಧತಿ ಇದೆ. ಇನ್ನು ಮಿಂದನಾವೊ ಮತ್ತು ಸೂಲು ದ್ವೀಪಗಳ ಮುಸ್ಲಿಂ ಅಡುಗೆಯಲ್ಲಿ ಹಂದಿಗೆ ಜಾಗವೇ ಇಲ್ಲ. ಅಲ್ಲಿಯ ತೌಸುಗ್ ಜನ ತೆಂಗಿನಕಾಯಿಯನ್ನು ಕರಕಲಾಗುವಂತೆ ಸುಟ್ಟು ಅರೆದು, ಟಿಯುಲಾ ಇತುಮ್ ಎಂಬ ಕಪ್ಪು ಸಾರು ಮಾಡುತ್ತಾರೆ. "ಬರೀ ಹಂದಿ" ಅಂದ್ರಲ್ಲ, ಇವರನ್ನು ಎಲ್ಲಿಡುತ್ತೀರಿ?

ಹಾಗಲಕಾಯಿಯ ಆ ಪಲ್ಯಕ್ಕೆ ಮೀನಿನ ಬಗೂಂಗ್ ಬೀಳುತ್ತದೆ, ಲಾಇಂಗ್‌ಗೆ ಸೀಗಡಿ ಬೀಳುವುದುಂಟು. ಕೇಳಿಯೇ ತಿನ್ನಬೇಕು. ಬಗೂಂಗ್ ವಾಸನೆ ಅಂತ ಮೂಗು ಮುಚ್ಚಿಕೊಳ್ಳುವವರು ಕರಾವಳಿಯ ಒಣಮೀನನ್ನು ನೆನೆಸಿಕೊಳ್ಳಲಿ. ಇಂಗಿನ ಡಬ್ಬಿಯನ್ನು ಮೂರು ಕವರಿನಲ್ಲಿ ಸುತ್ತಿ ಏರ್‌ಪೋರ್ಟ್ ದಾಟಿಸುವವರು ನಾವೇ ತಾನೇ?

ಈಗ ಬೇಕರಿಗೆ ಬನ್ನಿ. ಅಕ್ಕಿ ತಿನ್ನುವ ಊರಿಗೆ ಗೋಧಿ ಹೊರಗಿನಿಂದ ಬಂದರೆ ಏನಾಗುತ್ತದೆ ಎಂಬ ಕಥೆ ಬೆಂಗಳೂರಿನವರಿಗೆ ಬಾಯಿಪಾಠ. 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರುವಾದ ಬೇಕರಿಯಿಂದ ಹಿಡಿದು ಊರೂರಿಗೆ ಹರಡಿದ ಅಯ್ಯಂಗಾರ್ ಬೇಕರಿಗಳ ತನಕ, ಬಿಳಿಯರ ಬ್ರೆಡ್ಡಿಗೆ ನಾವು ಖಾರ ಹಾಕಿದೆವು, ಬನ್ನಿನ ಹೊಟ್ಟೆಗೆ ಕೊಬ್ಬರಿ ತುಂಬಿದೆವು, ದಿಲ್‌ಪಸಂದ್ ಮಾಡಿದೆವು. ಫಿಲಿಪಿನೋಗಳು ಮಾಡಿದ್ದೂ ಅದನ್ನೇ. ಸ್ಪೇನಿನವರು ತಂದ ರೊಟ್ಟಿಗೆ ಪಾನ್ ದೆ ಸಾಲ್, ಅಂದರೆ ಉಪ್ಪಿನ ಬ್ರೆಡ್ ಎಂಬ ಹೆಸರು. ಈಗ ತಿಂದು ನೋಡಿದರೆ ಕೊಂಚ ಸಿಹಿಯೇ. ಪಾನ್ ದೆ ಕೊಕೊ ಒಡೆದರೆ ಒಳಗೆ ಸಿಹಿ ತೆಂಗಿನ ತುರಿ. ನನ್ನನ್ನು ಕೇಳಿದರೆ ಇದು ನಮ್ಮ ಕೊಬ್ಬರಿ ಬನ್ನಿನ ಸ್ವಂತ ಚಿಕ್ಕಪ್ಪನ ಮಗ. ಚೀನಾದ ಫುಜಿಯಾನ್ ಕಡೆಯಿಂದ ವಲಸೆ ಬಂದವರು ತಂದ ಹೋಪಿಯಾದಲ್ಲಿ ಹೆಸರುಬೇಳೆ ಹೂರಣ ಇರುತ್ತದೆ. ನೇರಳೆ ಬಣ್ಣದ ಊಬೆ ಕಂಡು "ಏನೇನೋ ಕಲರ್ ಹಾಕ್ತಾರೆ" ಅನ್ನಬೇಡಿ. ಊಬೆ ಒಂದು ಗೆಣಸು, ಅದರ ಬಣ್ಣ ಹುಟ್ಟಿನಿಂದ ಬಂದದ್ದು. (ಅಗ್ಗದ ಕೇಕಿಗೆ ಕಲರ್ ಹಾಕುವುದೂ ಉಂಟು, ಇರ್ಲಿ.) ಹೋಪಿಯಾ ಮತ್ತು ಕೆಲವು ಬನ್ನುಗಳಿಗೆ ಹಂದಿಯ ಕೊಬ್ಬು ಬಳಸುವ ಹಳೆಯ ಕ್ರಮ ಇದೆ, ಎನ್ಸೈಮಾದಾದಲ್ಲಿ ಮೊಟ್ಟೆ ಇರುತ್ತದೆ. ಕೌಂಟರಿನಲ್ಲಿ ಒಂದು ಪ್ರಶ್ನೆ ಕೇಳಿದರೆ ಆಯಿತು.

ಮೊಟ್ಟೆಯೂ ಬೇಡ ಅನ್ನುವವರಿಗೆ ಅಕ್ಕಿಯ ತಿಂಡಿಗಳ ದೊಡ್ಡ ಪಂಗಡವೇ ಇದೆ. ಸುಮಾನ್ ಅಂದರೆ ಅಂಟಕ್ಕಿಯನ್ನು ತೆಂಗಿನ ಹಾಲಿನೊಂದಿಗೆ ಬಾಳೆ ಎಲೆಯಲ್ಲೋ ತಾಳೆ ಜಾತಿಯ ಎಲೆಯಲ್ಲೋ ಸುತ್ತಿ ಬೇಯಿಸಿದ್ದು. ಹಲಸಿನೆಲೆಯ ಕೊಟ್ಟೆ ಕಡುಬು, ಕೇದಗೆ ಜಾತಿಯ ಎಲೆಯಲ್ಲಿ ಸುತ್ತಿದ ಮೂಡೆ ತಿಂದು ಬೆಳೆದವರಿಗೆ ಎಲೆ ಬಿಚ್ಚುವಾಗ ಬರುವ ಆ ಪರಿಮಳ ಹೊಸದೇನಲ್ಲ. ಪಲಿತಾವ್ ಎಂದರೆ ಕುದಿವ ನೀರಿಗೆ ಬಿಟ್ಟ ಅಕ್ಕಿಹಿಟ್ಟಿನ ಬಿಲ್ಲೆ. ಬೆಂದು ತೇಲಿ ಮೇಲೆ ಬಂದದ್ದನ್ನು ತೆಂಗಿನ ತುರಿ, ಎಳ್ಳು, ಸಕ್ಕರೆಯಲ್ಲಿ ಹೊರಳಿಸುತ್ತಾರೆ. ತುರೋನ್ ಎಂದರೆ ಬಾಳೆಹಣ್ಣಿನ ಜೊತೆ ಹಲಸಿನ ಹಣ್ಣು ಸೇರಿಸಿ, ತೆಳು ಹಾಳೆಯಲ್ಲಿ ಸುತ್ತಿ, ಸಕ್ಕರೆ ಪಾಕ ಹಿಡಿಯುವಂತೆ ಕರಿದದ್ದು. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ಬೆಳಗಿನ ಜಾವದ ಪೂಜೆ ಮುಗಿಸಿ, ಮೇಲೂ ಕೆಳಗೂ ಕೆಂಡವಿಟ್ಟು ಬೇಯಿಸಿದ ಬಿಬಿಂಗ್ಕಾ ತಿನ್ನುವುದು ಅವರ ಸಂಪ್ರದಾಯ. ಧನುರ್ಮಾಸದಲ್ಲಿ ನಸುಕಿಗೇ ಎದ್ದು ದೇವಸ್ಥಾನದ ಹುಗ್ಗಿಗೆ ಕೈ ಚಾಚಿದವರು ನಾವು. ತಿಂಗಳೂ ಹೆಚ್ಚುಕಡಿಮೆ ಅದೇ.

ಇದರಿಂದ ಯಾರಿಗೇನು ನಷ್ಟ ಅಂತೀರಾ? 2023ರ ಜನಗಣತಿಯಲ್ಲಿ ನ್ಯೂಜಿಲೆಂಡಿನ ಫಿಲಿಪಿನೋಗಳ ಸಂಖ್ಯೆ ಒಂದು ಲಕ್ಷ ದಾಟಿದೆ. ನಿಮ್ಮ ಮಗುವಿಗೆ ಚುಚ್ಚುಮದ್ದು ಕೊಟ್ಟ ನರ್ಸ್, ನೀವು ಕುಡಿಯುವ ಹಾಲಿನ ಹಸು ಕರೆದವರು, ನಿಮ್ಮ ಹೊಸ ಮನೆಗೆ ಮರ ಜೋಡಿಸಿದವರು ಅವರಲ್ಲೇ ಯಾರೋ ಆಗಿರಬಹುದು. ಅವರಲ್ಲೊಬ್ಬರು ಸಾಲ ಮಾಡಿ ಸಣ್ಣ ಹೋಟೆಲು ಇಟ್ಟರು ಅನ್ನಿ. ಬಂದವರೆಲ್ಲ ಲುಂಪಿಯಾ, ಅದೋಬೊ ಬಿಟ್ಟು ಬೇರೇನೂ ಕೇಳದಿದ್ದರೆ ಲಾಇಂಗ್ ಮೆನುವಿನಿಂದ ಇಳಿಯುತ್ತದೆ. ಇದು ನಮಗೆ ಆಗಿಹೋದ ಕಥೆ. ಪರದೇಶದ "ಸೌತ್ ಇಂಡಿಯನ್" ಹೋಟೆಲಿನಲ್ಲಿ ಜೋಳದ ರೊಟ್ಟಿ-ಎಣಗಾಯಿ ಕೇಳಿ ನೋಡಿ, ನಿಮ್ಮ ಮುಖವನ್ನೇ ನೋಡುತ್ತಾರೆ. ಅದಿರಲಿ, ನಮ್ಮದೇ ಕನ್ನಡದ ಕಾರ್ಯಕ್ರಮಗಳ ಊಟದಲ್ಲಿ ಏನಿರುತ್ತದೆ? ಬಿಸಿಬೇಳೆ ಬಾತ್, ಮೊಸರನ್ನ, ಜಾಮೂನು. ಕಲಬುರಗಿಯವರೂ ಕಾಸರಗೋಡಿನವರೂ ಬೆಂಗಳೂರು-ಮೈಸೂರಿನ ಬಾತನ್ನೇ ಕರ್ನಾಟಕ ಅಂತ ನುಂಗಬೇಕು. ನಮ್ಮವರ ಪ್ರಾಂತ್ಯಗಳನ್ನೇ ಕೇಳದ ಬಾಯಿ ಪಕ್ಕದವರ ಪ್ರಾಂತ್ಯ ಎಲ್ಲಿ ಕೇಳುತ್ತದೆ!

ಊರಿನ ಹೆಸರು ತಿನ್ನುವ ವಸ್ತುವಿಗೆ ಅಂಟಿಕೊಂಡರೆ ಎಷ್ಟು ದಿನ ಬಾಳುತ್ತದೆ ಅನ್ನುವುದಕ್ಕೆ ಆಲ್ಬನಿಯೇ ಸಾಕ್ಷಿ. ಇದು ಹಣ್ಣಿನ ತೋಟಗಳ ಊರಾಗಿತ್ತು. ಇಲ್ಲಿ ಹುಟ್ಟಿದ ಆಲ್ಬನಿ ಸರ್‌ಪ್ರೈಸ್ ಎಂಬ ಕರಿದ್ರಾಕ್ಷಿಯನ್ನು ಒಂದು ಕಾಲದಲ್ಲಿ ದೇಶದ ತುಂಬ ಬೆಳೆಯುತ್ತಿದ್ದರು, ನಮ್ಮ ಬೆಂಗಳೂರು ಬ್ಲೂ ಹಾಗೆ. ತೋಟಗಳ ಕಾಲ ಹೋಗಿ ಮಾಲ್ ಬಂತು, ದ್ರಾಕ್ಷಿಯ ಹೆಸರು ಮಾತ್ರ ಉಳಿದಿದೆ.

ಇಲ್ಲೇ ಹುಟ್ಟಿ ಬೆಳೆದು, ಕಷ್ಟಪಟ್ಟು ಈ ಕನ್ನಡ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಅಪ್ಪ-ಅಮ್ಮನ ಆ ಹಂದಿಯ ವಾಕ್ಯವನ್ನು ನೀವು ಮುಂದುವರಿಸಬೇಕಾಗಿಲ್ಲ. ನಿಮ್ಮ ಕ್ಲಾಸಿನ ಫಿಲಿಪಿನೋ ಗೆಳೆಯನ ಅಜ್ಜಿ ಸಿಕ್ಕರೆ ಟಗಾಲೊಗ್‌ನಲ್ಲಿ ಒಂದು ಮಾತು ಕೇಳಿ: "ಟಗಾ ಸಾಆನ್ ಪೋ ಕಾಯೋ?" ಅಂದರೆ, ತಾವು ಯಾವ ಊರಿನವರು? ಕಾಯೋ ಎಂಬುದು ನಮ್ಮ "ನೀವು" ಇದ್ದ ಹಾಗೆ, ಒಬ್ಬರಿಗೇ ಹೇಳುವ ಬಹುವಚನ. ಪೋ ಎಂಬುದು ನಮ್ಮ "ರೀ" ಅನ್ನಿ. ಆ ಅಜ್ಜಿ ಇಲೊಇಲೊ ಅನ್ನಬಹುದು, ಪಂಪಾಂಗಾ ಅನ್ನಬಹುದು. ಆಮೇಲೆ ನಿಮ್ಮ ಊರು ಯಾವುದು ಅಂತ ಕೇಳಿಯೇ ಕೇಳುತ್ತಾರೆ. ಆಗ "ಇಂಡಿಯಾ" ಅಂದು ಸುಮ್ಮನಾಗಬೇಡಿ. ಸಾಗರವೋ, ಸಿಂಧನೂರೋ, ಅಜ್ಜನ ಊರಿನ ಹೆಸರು ಗೊತ್ತಿಲ್ಲದಿದ್ದರೆ ಇವತ್ತು ರಾತ್ರಿಯೇ ಫೋನ್ ಮಾಡಿ ಕೇಳಿಕೊಳ್ಳಿ. ಅಲ್ಲಿ ಏನು ತಿನ್ನುತ್ತಿದ್ದರು ಅಂತಲೂ ಕೇಳಿ.