ಪುಟಾಣಿ ವಿಮಾನಗಳ ಲೆಕ್ಕಪತ್ರ

ಬೋಯಿಂಗ್ 747-400 ವಿಮಾನದ ಉದ್ದ 70 ಮೀಟರಿಗೂ ಮಿಕ್ಕಿದ್ದು. ಅದನ್ನೇ 400ರಲ್ಲಿ ಒಂದು ಪಾಲಿಗೆ ಇಳಿಸಿ, ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದರೆ 17.7 ಸೆಂಟಿಮೀಟರಿನ ಪುಟಾಣಿಯಾಗಿ ಪುಸ್ತಕದ ಬೀರುವಿನಲ್ಲಿ ಕುಳಿತುಬಿಡುತ್ತದೆ. ಇಂಥ ಮಾದರಿ ವಿಮಾನಗಳನ್ನು ಕೂಡಿಹಾಕುವ ಹವ್ಯಾಸಿಗಳು ಲೋಕದ ಎಲ್ಲೆಡೆಯೂ ಇದ್ದಾರೆ. ಮೊದಲನೆಯದನ್ನು ಕೊಳ್ಳುವುದು ಆಸೆಗೆ. ಎರಡನೆಯದು ಮೊದಲನೆಯದರ ಜೊತೆಗೆ. ಆಮೇಲಿನವುಗಳಿಗೆ ಕಾರಣವೇ ಬೇಕಿಲ್ಲ. ಬೀರು ತುಂಬಿದ ಮೇಲೆ ಒಂದು ದಿನ ಮನೆಯವರ ಪ್ರಶ್ನೆ ಎದುರಾಗುತ್ತದೆ: “ಇವೆಲ್ಲ ಎಷ್ಟಿವೆ? ಎಷ್ಟು ಬೆಲೆ ಬಾಳುತ್ತವೆ?” ಉತ್ತರ ಹೇಳಬಲ್ಲ ಸಂಗ್ರಾಹಕರು ವಿರಳ.

ಈ ಹವ್ಯಾಸಕ್ಕೆ ಒಳ್ಳೆಯ ವಯಸ್ಸೇ ಆಗಿದೆ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಮೆಕ್ಯಾನೊ ಸಂಸ್ಥೆಯು 1934ರಲ್ಲಿ ತನ್ನ ‘ಡಿಂಕಿ’ ಆಟಿಕೆಗಳ ಸಾಲಿಗೆ ಆರು ವಿಮಾನಗಳನ್ನು ಸೇರಿಸಿತು. ಇಂಪೀರಿಯಲ್ ಏರ್‌ವೇಸ್‌ನ ಪ್ರಯಾಣಿಕ ವಿಮಾನ, ಲೆಪರ್ಡ್ ಮಾತ್, ಪರ್ಸಿವಲ್ ಗಲ್, ಆಟೊಜೈರೊ ಮೊದಲಾದವು ಅವು. ಮಕ್ಕಳ ಕೈಯಲ್ಲಿ ಅವು ಹಾರಿದವು, ಬಿದ್ದವು, ಮುರಿದವು. 1979ರಲ್ಲಿ ಆ ಕಾರ್ಖಾನೆಯೇ ಮುಚ್ಚಿತು. ಮುರಿಯದೆ ಉಳಿದ ಕೆಲವಕ್ಕೆ ಈಗ ಹರಾಜಿನಲ್ಲಿ ಪೈಪೋಟಿ. ಒಂದೇ ವಿಮಾನದಲ್ಲಿಯೂ ರೆಕ್ಕೆಯ ಮೇಲೆ ನೋಂದಣಿ ಅಕ್ಷರಗಳಿಲ್ಲದ ಮೊದಲ ತಯಾರಿಕೆ ಬೇರೆ, ಅಕ್ಷರಗಳನ್ನು ಮುದ್ರಿಸಿದ ನಂತರದ ತಯಾರಿಕೆ ಬೇರೆ. ಬಲ್ಲವನ ಕಣ್ಣಿಗೆ ಇವೆರಡೂ ಒಂದಲ್ಲ. ಅರಿಯದವನಿಗೆ ಎರಡೂ ಹಳೆಯ ಆಟದ ಸಾಮಾನುಗಳೇ.

ಆದುದರಿಂದ ಬರೆದಿಡುವುದು ಅವಶ್ಯ. ಹಿಂದೆ ಇದಕ್ಕೆ ಗೆರೆ ಹೊಡೆದ ನೋಟುಪುಸ್ತಕವೊಂದು ಸಾಕಾಗುತ್ತಿತ್ತು. ಈಗ ಕಂಪ್ಯೂಟರಿನ ಕೋಷ್ಟಕಗಳೂ, ಸಂಗ್ರಾಹಕರಿಗೆಂದೇ ನಡೆಸುವ ಅಂತರಜಾಲದ ದಾಖಲೆಪುಸ್ತಕಗಳೂ ಬಂದಿವೆ. ಸಾಧನ ಯಾವುದಾದರೂ ಸರಿ, ಒಂದೊಂದು ವಿಮಾನಕ್ಕೂ ಒಂದೊಂದು ಸಾಲು ಇರಬೇಕು: ತಯಾರಕರ ಹೆಸರು, ಅವರ ಪಟ್ಟಿಯ ಸಂಖ್ಯೆ, ಅಳತೆಯ ಪ್ರಮಾಣ, ವಿಮಾನದ ಜಾತಿ, ವಿಮಾನಸಂಸ್ಥೆ, ಬಾಲದ ಬಳಿಯ ನೋಂದಣಿ ಅಕ್ಷರಗಳು, ಪೆಟ್ಟಿಗೆ ಇದೆಯೋ ಇಲ್ಲವೋ, ಕೊಂಡ ದಿನ, ಕೊಟ್ಟ ಹಣ. ಜೊತೆಗೆ ಮೇಲಿನಿಂದ, ಕೆಳಗಿನಿಂದ, ಪಕ್ಕದಿಂದ ತೆಗೆದ ಮೂರು ಚಿತ್ರಗಳು. ಕಳವಾದರೆ ಪೊಲೀಸರಿಗೂ, ವಿಮೆ ಮಾಡಿಸಿದ್ದರೆ ವಿಮಾ ಸಂಸ್ಥೆಗೂ ತೋರಿಸಲು ಇದಕ್ಕಿಂತ ಉತ್ತಮ ಸಾಕ್ಷ್ಯವಿಲ್ಲ. ಅಂತರಜಾಲದಲ್ಲಿ ಎಲ್ಲರಿಗೂ ಕಾಣುವಂತೆ ಪಟ್ಟಿಯನ್ನಿಡುವವರು ಮನೆಯ ವಿಳಾಸವನ್ನು ಮಾತ್ರ ಅದರ ಹತ್ತಿರಕ್ಕೂ ಸುಳಿಯಗೊಡಬಾರದು.

ಇನ್ನು ಬೆಲೆಯ ಮಾತು. ಹೆತ್ತವರಿಗೆ ಹೆಗ್ಗಣ ಮುದ್ದು. ತನ್ನ ವಿಮಾನವೇ ಅಪರೂಪದ್ದೆಂದು ಪ್ರತಿಯೊಬ್ಬ ಸಂಗ್ರಾಹಕನೂ ನಂಬಿರುತ್ತಾನೆ. 1995ರಲ್ಲಿ ಅಮೆರಿಕದಲ್ಲಿ ಆರಂಭವಾದ ಈಬೇಯಂಥ ಅಂತರಜಾಲದ ಹರಾಜುಕಟ್ಟೆಗಳು ಈ ನಂಬಿಕೆಗೆ ನೀರೆರೆಯುವುದೂ ಉಂಟು, ಬಿಸಿನೀರು ಎರಚುವುದೂ ಉಂಟು. ಅಲ್ಲಿ ಯಾರೋ ಹತ್ತು ಸಾವಿರ ಕೇಳಿದ ಮಾತ್ರಕ್ಕೆ ವಸ್ತುವಿನ ಬೆಲೆ ಹತ್ತು ಸಾವಿರವಾಗದು. ದನದ ಜಾತ್ರೆಯಲ್ಲಿ ಎತ್ತಿನ ಒಡೆಯ ಗಟ್ಟಿಯಾಗಿ ಕೂಗಿದ ಬೆಲೆ ಒಂದು. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಕುದುರಿದ ಬೆಲೆ ಇನ್ನೊಂದು. ಎರಡನೆಯದೇ ನಿಜ. ಆದುದರಿಂದ ಮಾರಾಟ ಮುಗಿದ ವಸ್ತುಗಳ ಪಟ್ಟಿಯನ್ನು ತೆರೆದು, ಅದೇ ತಯಾರಿಕೆ, ಅದೇ ಸ್ಥಿತಿ, ಅದೇ ರೀತಿ ಪೆಟ್ಟಿಗೆಯಿರುವ ನಾಲ್ಕಾರು ಮಾರಾಟಗಳನ್ನು ಹೋಲಿಸಿ, ನಡುವಿನ ಬೆಲೆಯನ್ನು ತಾರೀಖಿನೊಡನೆ ಬರೆದುಕೊಳ್ಳುವುದು ವಿವೇಕ. ಅಂಚೆವೆಚ್ಚವನ್ನೂ ಸುಂಕವನ್ನೂ ಬೇರೆಯಾಗಿ ಗುರುತಿಸಬೇಕು. ಅವು ಮಾರುವಾಗ ಮರಳಿ ಬರುವ ಹಣವಲ್ಲ.

ಈ ಬೆಲೆಯೂ ನಿಂತಲ್ಲಿ ನಿಲ್ಲದು. ಬೆಂಗಳೂರಿನಲ್ಲಿ ನೋಂದಾಯಿತ ಕಚೇರಿಯಿದ್ದ ಕಿಂಗ್‌ಫಿಷರ್ 2012ರಲ್ಲಿ ಹಾರಾಟ ನಿಲ್ಲಿಸಿತು. ಜೆಟ್ ಏರ್‌ವೇಸ್ 2019ರಲ್ಲಿ ನಿಲ್ಲಿಸಿತು. 2024ರಲ್ಲಿ ವಿಸ್ತಾರಾ ಏರ್ ಇಂಡಿಯಾದೊಳಗೆ ಕರಗಿತು. ಆಕಾಶದಿಂದ ಅಳಿದ ಬಣ್ಣಗಳು ಇನ್ನು ಬೀರುಗಳಲ್ಲಿಯೇ ನೋಡಸಿಗುವಂಥವು. ಹಾಗೆಂದು ಸಂಸ್ಥೆ ಮುಚ್ಚಿದೊಡನೆ ಅದರ ಮಾದರಿ ಚಿನ್ನವಾಗುತ್ತದೆಂದು ಎಣಿಸಲಾಗದು. ಎಷ್ಟು ತಯಾರಾಗಿದ್ದವು, ಎಷ್ಟು ಮಂದಿ ಅರಸುತ್ತಿದ್ದಾರೆ ಎಂಬುದೇ ಮುಖ್ಯ. ತಯಾರಕರು ಅದೇ ವಿಮಾನವನ್ನು ಹೊಸ ಅಚ್ಚಿನಲ್ಲಿ ಇನ್ನಷ್ಟು ಅಂದವಾಗಿ ಹೊರತಂದರೆ ಹಳೆಯದರ ಬೆಲೆ ರಾತ್ರೋರಾತ್ರಿ ಇಳಿಯುವುದೂ ಉಂಟು.

ಬೆಲೆಗಿಂತ ದೊಡ್ಡ ವೈರಿ ಲೋಹದೊಳಗೇ ಇರಬಹುದು. ಸತುವಿನ ಮಿಶ್ರಲೋಹದಲ್ಲಿ ಸೀಸದಂಥ ಕಲ್ಮಷ ಚೂರು ಹೆಚ್ಚಾಗಿ ಬೆರೆತಿದ್ದರೆ, ಗಾಳಿಯ ತೇವದಿಂದ ಅದು ವರ್ಷಗಳ ಕಾಲ ಒಳಗೊಳಗೇ ಕೊಳೆಯುತ್ತದೆ. ರೆಕ್ಕೆ ಉಬ್ಬುತ್ತದೆ, ಬಾಗುತ್ತದೆ, ಬಿರುಕು ಬಿಡುತ್ತದೆ. ಕೊನೆಗೆ ಮುಟ್ಟಿದರೆ ಪುಡಿಯಾಗುತ್ತದೆ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಡಿಂಕಿ ವಿಮಾನಗಳಲ್ಲಿ ಎಷ್ಟೋ ಹೀಗೆಯೇ ಹಾಳಾದವು. ಈ ರೋಗಕ್ಕೆ ಮದ್ದಿಲ್ಲ. ತೇವವಿಲ್ಲದ, ಬಿಸಿಲು ತಾಕದ ಜಾಗದಲ್ಲಿಟ್ಟರೆ ಅದರ ನಡಿಗೆ ನಿಧಾನವಾದೀತು, ಅಷ್ಟೇ. ವರ್ಷಕ್ಕೊಮ್ಮೆ ಪ್ರತಿ ವಿಮಾನವನ್ನೂ ಕೈಗೆತ್ತಿಕೊಂಡು ನೋಡಿ ಅದರ ಸ್ಥಿತಿಯನ್ನು ಬರೆಯುವುದು ಇದಕ್ಕಾಗಿ.

ಇಷ್ಟೆಲ್ಲ ಶ್ರಮ ಯಾರಿಗಾಗಿ? ಸಂಗ್ರಾಹಕನಿಗೆ ತನ್ನ ವಿಮಾನಗಳು ಬಾಯಿಪಾಠವಾಗಿರುತ್ತವೆ. ಅವನಿಗೆ ಪಟ್ಟಿ ಬೇಡ. ಅದು ಬೇಕಾಗುವುದು ಅವನಿಲ್ಲದ ದಿನ. ಆ ದಿನ ಬೀರುವಿನ ಬಾಗಿಲು ತೆರೆಯುವ ಮಡದಿಗೋ ಮಗಳಿಗೋ ಯಾವುದು ನೂರು ರೂಪಾಯಿಯದು, ಯಾವುದು ಹಲವು ಸಾವಿರದ್ದು ಎಂದು ತಿಳಿಯುವ ಬಗೆ ಹೇಗೆ? ಖಾಲಿ ಪೆಟ್ಟಿಗೆಗಳನ್ನು ಕಸವೆಂದು ಎಸೆದು, ವಿಮಾನಗಳನ್ನು ಗುಜರಿಯವನ ತಕ್ಕಡಿಗೆ ಹಾಕಿದರೆ ತಪ್ಪು ಅವರದಲ್ಲ. ಜಾಲತಾಣಗಳೂ ವಿಮಾನಸಂಸ್ಥೆಗಳಂತೆಯೇ ಒಂದು ದಿನ ಮುಚ್ಚಬಹುದು. ಗುಪ್ತಪದವನ್ನು ಬಲ್ಲವನೊಡನೆ ಗುಪ್ತಪದವೂ ಹೋಗುತ್ತದೆ. ಆದುದರಿಂದ ಪಟ್ಟಿಯ ಪ್ರತಿಯೊಂದನ್ನು ಕಾಗದದ ಮೇಲೆ ಮುದ್ರಿಸಿ, ಮಾರಬೇಕಾದರೆ ಎಲ್ಲಿ ವಿಚಾರಿಸಬೇಕೆಂಬುದನ್ನು ಅದರ ಕೆಳಗೆ ಬರೆದು, ಬೀರುವಿನೊಳಗೇ ಇಟ್ಟಿರುವುದು ಲೇಸು. ವರ್ಷಕ್ಕೊಂದು ಭಾನುವಾರವನ್ನು ಇದಕ್ಕೆಂದು ಮೀಸಲಿಟ್ಟರೆ ಸಾಕು.