ಹತ್ತು ಜನರ ಹುಲ್ಲುಕಡ್ಡಿ

‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂದು ಕಣದಲ್ಲಿ ನಮ್ಮ ತಂದೆಯವರು ಆಡುವ ಮಾತು ಗಣಕಯಂತ್ರಕ್ಕೂ ಸಲ್ಲುತ್ತದೆ. ಪ್ರೊಸೆಸರಿನ ಒಂದೇ ಕೋರನ್ನು ವೇಗವಾಗಿ ಓಡಿಸಲು ವೋಲ್ಟೇಜನ್ನೂ ಏರಿಸಬೇಕು. ವಿದ್ಯುತ್ತಿನ ವೆಚ್ಚವಾದರೋ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಆದುದರಿಂದಲೇ 2005ರಲ್ಲಿ ಸನ್ ಕಂಪನಿಯು ‘ಅಲ್ಟ್ರಾಸ್ಪಾರ್ಕ್ ಟಿ1’ ಎಂಬ ಸರ್ವರ್ ಪ್ರೊಸೆಸರಿನಲ್ಲಿ ಎಂಟು ಸರಳ ಕೋರ್‌ಗಳನ್ನಿರಿಸಿ, ಸುಮಾರು 72 ವ್ಯಾಟಿನಲ್ಲಿ 32 ಕೆಲಸಗಳನ್ನು ಒಟ್ಟಿಗೆ ನಡೆಸಿತು.

ಇಷ್ಟಕ್ಕೇ ನಾವು ಹಿಗ್ಗಬೇಕೆ? ಮಿತವ್ಯಯದ ಯಂತ್ರ ಬಂದಷ್ಟೂ ಕಲ್ಲಿದ್ದಲಿನ ಬಳಕೆ ಹೆಚ್ಚುವುದೆಂದು ಜೆವನ್ಸ್ 1865ರಲ್ಲೇ ಎಚ್ಚರಿಸಿದ್ದನು. 2024ರಲ್ಲಿ ಡೇಟಾ ಕೇಂದ್ರಗಳು ಜಗತ್ತಿನ ವಿದ್ಯುತ್ತಿನಲ್ಲಿ ಶೇಕಡ 1.5ರಷ್ಟನ್ನು ಬಳಸಿದವು. ಉಳಿಸಿದ ವಿದ್ಯುತ್ತೆಲ್ಲ ಹೊಸ ಸರ್ವರ್‌ಗಳ ಪಾಲಾದರೆ, ರಾತ್ರಿಯ ಸರದಿ ಕಾದು ಪಂಪ್‌ಸೆಟ್ ಹಾಕುವ ನಮ್ಮ ತಂದೆಯಂಥವರಿಗೆ ಆದ ಲಾಭವೇನು? ಯಂತ್ರದ ಜಾಣ್ಮೆಯೊಡನೆ ಒಟ್ಟು ಬಳಕೆಗೂ ಮಿತಿ ಬೇಕೆಂಬುದೇ ನನ್ನ ನಮ್ರ ಅಭಿಪ್ರಾಯ.